ಹಾರಿಸದೆ ಉಳಿದ ದೃಶ್ಯ

“ಚಿಕ್ಕಂದಿನಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕ ಹಳೆಯ ಹಾಸ್ಯಚಿತ್ರವೊಂದಿದೆ. ಅದನ್ನು ಈಗಿನ ಮಕ್ಕಳಿಗೆ ತೋರಿಸಬಹುದೇ, ಗುರುಗಳೇ?” ಎಂದು ಶಿಷ್ಯೆ ಕೇಳಿದಳು. ಆಕೆ ಶಾಲೆಯಲ್ಲಿ ಪಾಠ ಹೇಳುವವಳು. ಶನಿವಾರ ತನ್ನ ತರಗತಿಗೆ ಆ ಚಿತ್ರ ತೋರಿಸುವವಳಿದ್ದಳು.

ಗುರುಗಳು ಕತೆ ಹೇಳಿದರು.

ಒಬ್ಬ ತಾಯಿಗೆ ಇದೇ ಅನುಮಾನ ಬಂತು. ಸುಮ್ಮನೆ ನಂಬುವ ಹೆಂಗಸಲ್ಲ ಅವಳು. ಮಗಳು ಶಾಲೆಗೆ ಹೋದ ಮೇಲೆ ಚಿತ್ರ ಹಾಕಿಕೊಂಡು, ನೋಟ್‌ಬುಕ್ ಹಿಡಿದು, ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ಕೂತಳು. ನಾಯಕ ಸಿಗರೇಟು ಹಚ್ಚಿದ, ಬರೆದುಕೊಂಡಳು. ನಾಯಕಿ ಒದ್ದೆ ಸೀರೆಯಲ್ಲಿ ಹಾಡಿದಳು, ಬರೆದುಕೊಂಡಳು. ಇಬ್ಬರೂ ಕೊಡೆಯ ಮರೆಗೆ ಸರಿದರು, ಕೊಡೆಯನ್ನೂ ಬರೆದುಕೊಂಡಳು.

ಅತ್ತೆ ನೋಡಿ ಹೇಳಿದರು: “ನಿನ್ನ ಗಂಡ ಇದನ್ನೇ ನೋಡಿ ಬೆಳೆದದ್ದಮ್ಮ. ಕೆಟ್ಟುಹೋದನೇನು?”

“ಅದನ್ನೇ ಯೋಚಿಸ್ತಿದ್ದೀನಿ, ಅತ್ತೆ.”

ಭಾನುವಾರ ಮನೆಯವರೆಲ್ಲ ಕೂತರು. ರಿಮೋಟು ತಾಯಿಯ ಕೈಯಲ್ಲಿತ್ತು. ಬರೆದುಕೊಂಡದ್ದೆಲ್ಲ ಸರಕ್ಕನೆ ಓಡಿಹೋಯಿತು. ಆಮೇಲೆ ತೊದಲುವ ಅಡುಗೆಯವನು ಬಂದ. ಕಳ್ಳ ನುಗ್ಗಿದ್ದಾನೆಂದು ಅವನು ಯಜಮಾನನಿಗೆ ಹೇಳಬೇಕು. ಮಾತು ಹೊರಡುವಷ್ಟರಲ್ಲಿ ಕಳ್ಳ ಪಾತ್ರೆಗಳನ್ನೆಲ್ಲ ಗಂಟುಕಟ್ಟಿ ಹೊರಟೇಬಿಟ್ಟ. ಯಜಮಾನ ಅಡುಗೆಯವನ ತಲೆಗೆ ಮೊಟಕಿದ. ತಾಯಿಗೆ ಆ ಮಾತು ಬಾಯಿಪಾಠ. ಅಡುಗೆಯವನಿಗಿಂತ ಮೊದಲೇ “ಕ... ಕ... ಕಳ್ಳ” ಎಂದು ತಾನೇ ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅತ್ತೆ ನಕ್ಕರು, ಗಂಡ ನಕ್ಕ. ಎಂಟು ವರ್ಷದ ಮಗಳೂ ನಕ್ಕಳು. ಆ ಮಗುವಿಗೂ ಮಾತಾಡುವಾಗ ಆಗಾಗ ನಾಲಿಗೆ ತೊಡರುತ್ತಿತ್ತು.

ಮರುದಿನ ಊಟಕ್ಕೆ ಕೂತಾಗ ಮಗಳು ಉಪ್ಪಿನಕಾಯಿಯ ಕಡೆ ಬೆರಳು ತೋರಿಸಿದಳು.

“ಬಾಯಿ ಬಿಟ್ಟು ಕೇಳೇ” ಎಂದಳು ತಾಯಿ.

ಮಗಳು ಕೈ ಹಿಂದಕ್ಕೆಳೆದುಕೊಂಡು ಬರೀ ಮೊಸರನ್ನ ಉಂಡಳು. ಆ ವಾರವಿಡೀ ತರಗತಿಯಲ್ಲಿ ಹಾಜರಿ ಕೂಗಿದಾಗ ಕೈ ಮಾತ್ರ ಎತ್ತಿದಳು.

ತಾಯಿಗೆ ಮೊದಲು ಶಾಲೆಯ ಮೇಲೆ ಅನುಮಾನ ಬಂತು. ಆಮೇಲೆ ಪಕ್ಕದ ಮನೆಯ ಮಕ್ಕಳ ಮೇಲೆ. ಕೊನೆಗೆ ಚಿತ್ರದ ಮೇಲೂ ಬಂತು. ಹಾರಿಸಬೇಕಾದದ್ದು ಏನಾದರೂ ಉಳಿದುಹೋಯಿತೇ ಎಂದು ನೋಟ್‌ಬುಕ್ ತೆಗೆದು ನೋಡಿದಳು. ಸಿಗರೇಟು ಇತ್ತು, ಸೀರೆ ಇತ್ತು, ಕೊಡೆ ಇತ್ತು. ಎಲ್ಲಕ್ಕೂ ಗುರುತು ಹಾಕಿಯಾಗಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಹಾಗಾದರೆ ಶನಿವಾರ ತೋರಿಸಲೋ, ಬೇಡವೋ?” ಎಂದಳು ಶಿಷ್ಯೆ.

“ಹೊಟ್ಟೆ ಹಿಡಿದುಕೊಂಡು ನಕ್ಕೆ ಎಂದೆಯಲ್ಲ, ಯಾವ ಜಾಗದಲ್ಲಿ?” ಎಂದರು ಗುರುಗಳು.

ಶಿಷ್ಯೆ ಬಾಯಿ ತೆರೆದಳು. ಮಾತು ಹೊರಡಲಿಲ್ಲ.