ಊರು ತೋರಿಸುತ್ತಿದ್ದ ರಾಚಪ್ಪ

ಬಿಜಾಪುರದಲ್ಲಿ ಒಂದು ತಿಂಗಳು ಇದ್ದು ಮಠಕ್ಕೆ ಮರಳಿದ ಸಂಗಯ್ಯ ಗುರುಗಳ ಮುಂದೆ ಕುಳಿತು ಕೇಳಿದ: "ಅಪ್ಪಾವರೇ, ಅಂಥ ಊರನ್ನು ನಾನು ಬೇರೆಲ್ಲೂ ಕಂಡಿಲ್ಲ. ದಿನವಿಡೀ ನೋಡಿದರೂ ಕಣ್ಣು ದಣಿಯಲಿಲ್ಲ. ಆದರೆ ಸಂಜೆ ಕೋಣೆಗೆ ಬಂದು ಕೂತರೆ ಎದೆ ಭಣಗುಡುತ್ತಿತ್ತು. ಅಷ್ಟು ಚೆಲುವಾದ ಊರಿನಲ್ಲಿ ಮನುಷ್ಯನಿಗೆ ಒಂಟಿ ಅನ್ನಿಸುವುದೇಕೆ?"

ಗುರುಗಳು ರಾಚಪ್ಪನ ಕತೆ ಹೇಳಿದರು.

ರಾಚಪ್ಪ ಡೋಣಿ ನದಿಯ ದಂಡೆಯ ಹಳ್ಳಿಯವನು. ಇಪ್ಪತ್ತರ ವಯಸ್ಸಿನಲ್ಲಿ ಜೋಳದ ಚೀಲ ಹೇರಿದ ಬಂಡಿಯ ಜೊತೆ ಬಿಜಾಪುರದ ಸಂತೆಗೆ ಹೊರಟ. ಊರು ಇನ್ನೂ ಹರದಾರಿ ದೂರವಿರುವಾಗಲೇ ಎರೆಹೊಲಗಳ ಆಚೆ ಗೋಲಗುಮ್ಮಟ ಕಂಡಿತು. ನಡೆದಷ್ಟೂ ಅದು ದೊಡ್ಡದಾಗುತ್ತ ಹೋಯಿತು. ಸಂತೆ ಮುಗಿದ ಮೇಲೆ ಬಂಡಿ ಹಳ್ಳಿಗೆ ಮರಳಿತು. ರಾಚಪ್ಪ ಮರಳಲಿಲ್ಲ.

ಬಂದವರಿಗೆ ಊರು ತೋರಿಸುವುದೇ ಅವನ ಕೆಲಸವಾಯಿತು. ಇಬ್ರಾಹಿಂ ರೋಜಾದ ಗೋಡೆಗೆ ಬಿಸಿಲು ಯಾವಾಗ ತಾಗುತ್ತದೆ, ತಾಜ್ ಬಾವಡಿಯ ಯಾವ ಮೆಟ್ಟಿಲು ಹೆಚ್ಚು ಸವೆದಿದೆ ಎಂಬುದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಅವನ ಮಾತು ಕೇಳಿದವರು ಇನ್ನೊಂದು ದಿನ ಇದ್ದು ಹೋಗೋಣ ಅನ್ನುತ್ತಿದ್ದರು. ಆದರೆ ಯಾರೇ ಆದರೂ ಒಂದು ದಿನ ಹೋಗಲೇಬೇಕು, ಹೋಗುತ್ತಿದ್ದರು. ಹಳ್ಳಿಯಿಂದ ಎರಡು ಸಲ, ಹೆಣ್ಣು ನೋಡಿದ್ದೇವೆ ಬಾ ಎಂದು ಕರೆ ಬಂತು. ಮುಂದಿನ ವರ್ಷ ನೋಡೋಣ ಎಂದ. ಮೂರನೆಯ ಸಲ ಕರೆ ಬರಲಿಲ್ಲ.

ಕೆಲವು ಮುಂಜಾನೆ ಯಾರೂ ಬರುವ ಮೊದಲೇ ಗೋಲಗುಮ್ಮಟದ ಮೆಟ್ಟಿಲು ಹತ್ತಿ, ದನಿ ಮಾರ್ದನಿಸುವ ಮೇಲಿನ ಮೊಗಸಾಲೆಯಲ್ಲಿ ನಿಂತು ತನ್ನ ಹೆಸರನ್ನೇ ಕೂಗುತ್ತಿದ್ದ. ಅದು ಮತ್ತೆ ಮತ್ತೆ ತಿರುಗಿ ಬರುತ್ತಿತ್ತು. ಆ ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದುದು ಅದೊಂದೇ.

ಹೀಗೆ ಇಪ್ಪತ್ತೆರಡು ವರ್ಷ ಕಳೆದವು. ಒಂದು ಚಳಿಗಾಲದಲ್ಲಿ ಅವನಿಗೆ ಜ್ವರ ಬಂತು. ಎದ್ದು ನೀರು ತೆಗೆದುಕೊಳ್ಳುವಷ್ಟೂ ತ್ರಾಣವಿರಲಿಲ್ಲ. ಕೂಗೋಣವೆಂದರೆ ಯಾರನ್ನು ಕೂಗುವುದು? ಸುಮ್ಮನೆ ಮಲಗಿದ.

ಮೂರನೆಯ ದಿನ ಬಾಗಿಲು ನೂಕಿಕೊಂಡು ಒಬ್ಬ ಹೆಂಗಸು ಒಳಗೆ ಬಂದಳು. ಕೈಯಲ್ಲಿ ಅಂಬಲಿಯ ಬೋಗುಣಿ ಇತ್ತು.

"ಯಾರವ್ವಾ ನೀನು? ನಾನು ಮಲಗಿದ್ದು ನಿನಗೆ ಯಾರು ಹೇಳಿದರು?"

"ಯಾರು ಹೇಳಬೇಕ್ರಿ ಅಣ್ಣಾರ? ನಾನು ಹಿಂದಿನ ಓಣಿಯಾಕಿ. ದಿನಾ ಮುಂಜಾನೆ ನಿಮ್ಮ ಬಾಗಿಲ ಸಪ್ಪಳ ಕೇಳತಿತ್ತು. ಮೂರು ದಿನ ಆತು, ಕೇಳಲಿಲ್ಲ. ಅದಕ್ಕ ಬಂದೆ."

ಅವನ ತಲೆ ಎತ್ತಿ ಹಿಡಿದು ಅಂಬಲಿ ಕುಡಿಸಿದಳು. ಅವನಿಗೆ ಕಣ್ಣು ಮಂಜಾಗಿತ್ತು. ಮುಖ ಸರಿಯಾಗಿ ಕಾಣಲಿಲ್ಲ. ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಆಮೇಲೆ ಬರಲಿಲ್ಲ. ಬೋಗುಣಿ ಅಲ್ಲೇ ಉಳಿಯಿತು.

ಕಾಲಿಗೆ ಬಲ ಬಂದ ದಿನ ರಾಚಪ್ಪ ಬೋಗುಣಿ ತೊಳೆದು ಹಿಂದಿನ ಓಣಿಗೆ ಹೋದ. ಅಲ್ಲಿ ತೋರಿಸುವಂಥದ್ದು ಏನೂ ಇರಲಿಲ್ಲವಾದ್ದರಿಂದ ಇಷ್ಟು ವರ್ಷ ಅವನು ಆ ಓಣಿಗೆ ಕಾಲಿಟ್ಟಿರಲಿಲ್ಲ. ಕಟ್ಟೆಯ ಮೇಲಿದ್ದ ಮುದುಕನೊಬ್ಬ, "ಯಾರು ಬೇಕಾಗಿತ್ರಿ?" ಎಂದ.

ರಾಚಪ್ಪನಿಗೆ ಅವಳ ಹೆಸರು ಗೊತ್ತಿರಲಿಲ್ಲ. ಹೇಗಿದ್ದಳು ಎಂದರೆ ಅದನ್ನೂ ಹೇಳಲಾಗಲಿಲ್ಲ. ಬೋಗುಣಿಯನ್ನು ಮುಂದೆ ಹಿಡಿದ.

ಮುದುಕ ಅದನ್ನು ತಿರುಗಿಸಿ ನೋಡಿದ. "ಇಂಥಾ ಬೋಗುಣಿ ಎಲ್ಲಾರ ಮನ್ಯಾಗೂ ಅದಾವು. ಮೊನ್ನೆ ಎರಡು ಮನೆಯವರು ದುಡಿಯಾಕ ಸೊಲ್ಲಾಪುರಕ್ಕ ಹೋದರು. ಅವರಾಗ ಒಬ್ಬಾಕಿ ಇರಬಹುದು."

ರಾಚಪ್ಪ ಓಣಿಯ ಪ್ರತಿ ಬಾಗಿಲಿಗೂ ಹೋಗಿ ಕೇಳಿದ. ಬೋಗುಣಿ ತಮ್ಮದೆಂದು ಯಾರೂ ಅನ್ನಲಿಲ್ಲ. ಎಲ್ಲರೂ ಅವನನ್ನು ಬಲ್ಲರು. ಅವನು ಮಾತ್ರ ಒಬ್ಬರನ್ನೂ ಗುರುತಿಸಲಿಲ್ಲ. ಎರಡು ಬಾಗಿಲಿಗೆ ಬೀಗವಿತ್ತು. ಆ ಎರಡರ ನಡುವೆ, ಯಾವುದು ಅವಳದೆಂದು ತಿಳಿಯದೆ, ಬಿಸಿಲು ಇಳಿಯುವವರೆಗೂ ನಿಂತಿದ್ದ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು.

ಸಂಗಯ್ಯ ಕೇಳಿದ: "ಆಮೇಲೆ ಅವಳು ಸಿಕ್ಕಳೇ, ಅಪ್ಪಾವರೇ?"

ಗುರುಗಳು ಅವನ ಮುಖ ನೋಡಿ ಕೇಳಿದರು:

"ಒಂದು ತಿಂಗಳು ಅಲ್ಲಿದ್ದೆಯಲ್ಲ ಸಂಗಯ್ಯಾ, ನಿನ್ನ ಪಕ್ಕದ ಕೋಣೆಯಲ್ಲಿ ಯಾರಿದ್ದರು?"