ಎಪ್ಪತ್ತು ಅಡಿ ಕೆಳಗಿನ ತಟ್ಟು

ನದಿಯ ದಂಡೆಯಲ್ಲಿ ದುರುಗವ್ವನ ಆಶ್ರಮವಿತ್ತು. ಆಶ್ರಮವೆಂದರೆ ಎರಡು ಗುಡಿಸಲು, ಒಂದು ಹುಣಸೆಮರ, ಇನ್ನೂ ಮುಗಿಯದ ಒಂದು ಬಾವಿ.

ದುರುಗವ್ವ ನಲವತ್ತು ವರ್ಷ ಊರೂರು ತಿರುಗಿ ಬಾವಿ ತೋಡಿದವಳು. ಅವಳನ್ನು ಮೊದಲು ಗುರು ಎಂದು ಕರೆದವರು ಯಾರೋ ಗೊತ್ತಿಲ್ಲ. ಅವಳು ಬೇಡ ಅನ್ನಲಿಲ್ಲ. ಹೌದು ಅನ್ನಲೂ ಇಲ್ಲ.

ಒಂದು ದಿನ ಶಾಂತವೀರ ಎಂಬವನು ಅಲ್ಲಿಗೆ ಬಂದ. ಪಟ್ಟಣದಲ್ಲಿ ಹಾರ್ಮೋನಿಯಂ ಕಲಿಸುತ್ತಿದ್ದವನು. ಪಕ್ಕದ ಬೀದಿಯಲ್ಲಿ ಯಾರಾದರೂ ಅಪಸ್ವರ ಹಾಡಿದರೂ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

“ಅವ್ವಾ, ಹೊರಗಿನ ದನಿ ಎಲ್ಲಾ ಕೇಳ್ತೀನಿ. ಒಳಗಿನ ದನಿ ಒಂದು ಕೇಳವಲ್ದು. ಕಲಿಸ್ರಿ.”

“ಕಿವಿ ಚಲೋ ಅದಾವೇನು?”

“ಭಾಳ ಚಲೋ ಅದಾವ್ರಿ.”

“ಹಂಗಾದ್ರ ನಾಳೆಯಿಂದ ಬಾವಿ ಪೈಪಿನ ಪಕ್ಕದಾಗ ಕೂಡು.”

ಬಾವಿ ಎಪ್ಪತ್ತು ಅಡಿ ಇಳಿದಿತ್ತು. ಸುತ್ತಲ ಮಣ್ಣಿನಿಂದ ಸವುಳು ನೀರು ಒಸರುತ್ತಿತ್ತು. ಸಿಹಿನೀರು ತಳದ ಬಂಡೆಯ ಒಳಗೆ ಮಲಗಿದೆ ಎಂದು ದುರುಗವ್ವ ಹೇಳುತ್ತಿದ್ದಳು. ಕುರಿ ಕಾಯುವವರು, ದಾರಿಹೋಕರು ಕೇಳಿದಾಗ ಒಂದು ತಂಬಿಗೆ ಸಿಹಿನೀರು ಕೊಡಬೇಕೆಂಬುದು ಅವಳ ಆಸೆ.

ಸವುಳು ನೀರನ್ನು ಹೊರಗೆ ಹಾಕಲು ತಳದಲ್ಲೊಂದು ಪಂಪು ಇತ್ತು. ಮೇಲೆ ಅದನ್ನು ನಡೆಸುವ ಎಂಜಿನ್. ಎರಡರ ನಡುವೆ ನೀರು ಮೇಲೆ ತರುವ ಕಬ್ಬಿಣದ ಪೈಪು.

ದುರುಗವ್ವ ರಾಟೆಗೆ ಕಟ್ಟಿದ ಹಲಗೆಯ ಮೇಲೆ ಕೂತು ಕೆಳಗಿಳಿಯುತ್ತಿದ್ದಳು. ಇಡೀ ದಿನ ಬಂಡೆ ಒಡೆಯುತ್ತಿದ್ದಳು. ಬೇಕಾದದ್ದನ್ನು ಸುತ್ತಿಗೆಯಿಂದ ಪೈಪಿಗೆ ತಟ್ಟಿ ಹೇಳುತ್ತಿದ್ದಳು. ಒಂದು ತಟ್ಟಿದರೆ ಕಲ್ಲಿನ ಬುಟ್ಟಿ ಎಳೆಯಬೇಕು. ಎರಡಕ್ಕೆ ಬುಟ್ಟಿ ಇಳಿಸಬೇಕು. ಮೂರು ತಟ್ಟಿದರೆ ಅವಳನ್ನೇ ಮೇಲೆತ್ತಬೇಕು.

“ಕೂಗಿದ್ರ ಸಾಲದೇನ್ರಿ?” ಎಂದ ಶಾಂತವೀರ.

“ಎಂಜಿನ್ ಮುಂದ ಯಾರ ಕೂಗು ನಿಲ್ತೈತಿ?”

“ಹಗ್ಗ ಜಗ್ಗಿದ್ರ?”

“ಬಾವಿ ನಡುವ ಒಂದು ಬಂಡೆಗಲ್ಲು ಹೊಟ್ಟಿ ಮುಂದ ಮಾಡಿಕೊಂಡು ನಿಂತೈತಿ. ಹಗ್ಗದ ಮಾತು ಅದಕ್ಕ ತಾಗಿ ಅಲ್ಲೇ ಸಾಯ್ತೈತಿ.”

ಮೊದಲ ದಿನ ಶಾಂತವೀರ ಪೈಪಿನ ಪಕ್ಕ ಕಣ್ಣು ಮುಚ್ಚಿ ಕೂತ. ಬಿಸಿಲು ಏರಿತು. ಮರಳಿನ ಆಚೆ ನದಿ ನಡುಗುತ್ತ ನಡುಗುತ್ತ ಗಾಳಿಯಲ್ಲಿ ತೇಲತೊಡಗಿತು. ಎಂಜಿನ್ನಿನ ಸದ್ದು ಜೋಗುಳದ ಹಾಗೆ ಅವನನ್ನು ತೂಗಿತು.

ಹುಣಸೆಮರದ ನೆರಳು ಒಂದು ಮಾರು ಸರಿದಿತ್ತು. ಯಾಕೋ ಅನುಮಾನ ಬಂದು ಅವನು ಬಾವಿಯೊಳಗೆ ಇಣುಕಿ ಹಲಗೆ ಎತ್ತಿದ. ದುರುಗವ್ವ ಎದೆಮಟ್ಟ ನೆನೆದು ಮೇಲೆ ಬಂದಳು. ತುಟಿ ನೀಲಿಯಾಗಿತ್ತು. ಪಂಪಿನ ಬಾಯಿಗೆ ಕೆಸರು ಕಟ್ಟಿ ನೀರು ಏರಿತ್ತು. ಅವಳು ತಟ್ಟುತ್ತಲೇ ಇದ್ದಳು.

ಅವನು ಅವಳ ಕಾಲ ಬಳಿ ಕುಸಿದ.

“ಅವ್ವಾ, ಏನೂ ಕೇಳಿಸಲಿಲ್ಲ. ಆಣೆ ಮಾಡಿ ಹೇಳ್ತೀನಿ.”

ಅವಳು ಸೀರೆಯ ಸೆರಗು ಹಿಂಡಿದಳು.

ಮರುದಿನ ಅವನು ಪಟ್ಟಣಕ್ಕೆ ಹೋಗಿ ಎರಡರಷ್ಟು ತೂಕದ ಸುತ್ತಿಗೆ ತಂದ. ಅದರ ತಟ್ಟೂ ಕೇಳಲಿಲ್ಲ. ಆಮೇಲೆ ತನ್ನ ಮೊಬೈಲ್ ಕೊಟ್ಟು ಕಳಿಸಿದ. ಕಲ್ಲಿನ ಹೊಟ್ಟೆಯಲ್ಲಿ ಅದು ಮೂಕವಾಯಿತು. ಪೈಪಿಗೆ ಗಂಟೆ ಕಟ್ಟಿದ. ಎಂಜಿನ್ ನಡುಗಿದಾಗಲೆಲ್ಲ ಗಂಟೆ ತಾನೇ ಬಡಿದುಕೊಂಡಿತು.

“ಕೆಳಗಿನ ತಟ್ಟು ಭಾಳ ಸಣ್ಣದೈತ್ರಿ” ಎಂದ ಸೋತವನಂತೆ. “ಇನ್ನೂ ಜೋರಾಗಬೇಕು.”

“ತಟ್ಟು ಸಣ್ಣದಲ್ಲ. ನಿನ್ನ ಕಡೆ ಗದ್ದಲ ದೊಡ್ಡದು.”

“ಹಂಗಾದ್ರ ಎಂಜಿನ್ ನಿಲ್ಲಿಸ್ಲೇನ್ರಿ?”

“ನಿಲ್ಲಿಸು. ನಾ ಮುಳುಗ್ತೀನಿ.”

ನಿಲ್ಲಿಸುವಂತಿಲ್ಲ, ಅದರ ಗದ್ದಲದಲ್ಲಿ ತಟ್ಟು ಕೇಳುವಂತಿಲ್ಲ.

“ಮತ್ತ ಏನು ಮಾಡ್ಲಿ ಅವ್ವಾ?”

ದುರುಗವ್ವ ಅವನ ಅಂಗೈ ಹಿಡಿದು ಪೈಪಿನ ಮೇಲೆ ಒತ್ತಿದಳು.

“ಹದಿನೈದು ದಿನ ನಾ ಇಳಿಯೋದಿಲ್ಲ. ಕೆಳಗ ಯಾರೂ ಇರೋದಿಲ್ಲ. ಎಂಜಿನ್ ನಡೆಸು. ಬರೇ ನಿನ್ನ ಗದ್ದಲ ಕೇಳು.”

“ಗದ್ದಲದಾಗ ಕೇಳೋದು ಏನೈತ್ರಿ?”

ಅವಳು ಆಗಲೇ ನೆರಳಿಗೆ ಹೋಗಿ ಮಲಗಿದ್ದಳು.

ಮೊದಲ ದಿನಗಳಲ್ಲಿ ಅದು ಬರೀ ಗದ್ದಲವಾಗಿತ್ತು. ಆಮೇಲೆ ಒಂದೊಂದೇ ಎಳೆ ಬಿಚ್ಚಿಕೊಂಡಿತು. ಎಂಜಿನ್ನಿಗೆ ಹಾಕಿದ ಬೆಲ್ಟಿನ ಹೊಲಿಗೆ ಚಕ್ರ ಸುತ್ತುವಾಗೆಲ್ಲ ಚಪ್ ಎನ್ನುತ್ತಿತ್ತು. ಪೈಪಿನ ಒಂದು ಕೀಲಿನಲ್ಲಿ ಗಾಳಿ ಬಿಕ್ಕುತ್ತಿತ್ತು. ಬಿಸಿಲು ಏರಿದಂತೆ ಕಬ್ಬಿಣ ಹಿಗ್ಗಿ ಎಲ್ಲದರ ಶ್ರುತಿ ಒಂದಿಷ್ಟು ಇಳಿಯುತ್ತಿತ್ತು. ಎಣ್ಣೆ ಕಡಿಮೆಯಾದಾಗ ಎಂಜಿನ್ ಮುದುಕನಂತೆ ಕೆಮ್ಮುತ್ತಿತ್ತು.

ಅವನು ಎಚ್ಚರದಲ್ಲಿದ್ದಾನೋ ಕನಸಿನಲ್ಲಿದ್ದಾನೋ ಅವನಿಗೇ ತಿಳಿಯುತ್ತಿರಲಿಲ್ಲ. ಒಮ್ಮೊಮ್ಮೆ ಪೈಪು ಕೊಳಲಾಗಿ, ತಾನು ಅದರೊಳಗೆ ನೀರಿನ ಜೊತೆ ಏರುತ್ತಿರುವಂತೆ ಅನ್ನಿಸುತ್ತಿತ್ತು. ಮರಳಿನ ಮೇಲೆ ಬೆಳ್ಳಕ್ಕಿಗಳು ಇಳಿಯುತ್ತಿದ್ದವು. ಅವುಗಳ ರೆಕ್ಕೆಯೂ ಬೆಲ್ಟಿನ ಲಯಕ್ಕೇ ಬಡಿದಂತೆ ಕಾಣುತ್ತಿತ್ತು.

ಒಂಬತ್ತನೆಯ ದಿನ ಅವನು ಓಡಿ ಬಂದ.

“ಅವ್ವಾ, ಕೆಳಗ ಯಾರೋ ತಟ್ಟಾಕತ್ಯಾರ! ಒಂದೇ ಸಮ ತಟ್ಟಾಕತ್ಯಾರ!”

ದುರುಗವ್ವ ಎದ್ದು ಬಂದಳು. ಎಂಜಿನ್ ನಿಲ್ಲಿಸಿದಳು. ಪೈಪು ತಣ್ಣಗಾಗಿ ಸುಮ್ಮನಾಯಿತು.

“ಈಗ ಕೈ ಇಡು.”

ಇಟ್ಟ. ತಟ್ಟು ಇನ್ನೂ ಇತ್ತು.

“ಈಗ ಹೆಬ್ಬೆಟ್ಟು ತೆಗಿ.”

ತೆಗೆದ. ತಟ್ಟು ನಿಂತಿತು.

ಶಾಂತವೀರ ತನ್ನ ಹೆಬ್ಬೆರಳನ್ನು ನೋಡಿದ. ಅದರ ತುದಿಯಲ್ಲಿ ಅವನದೇ ನಾಡಿ ಬಡಿಯುತ್ತಿತ್ತು.

“ನಿನ್ನ ರಕ್ತ ನಿನ್ನನ್ನ ಕರದೈತಿ” ಎಂದಳು ದುರುಗವ್ವ. “ಭಾಳ ಮಂದಿ ಅದನ್ನೇ ಕೇಳಿ, ದೇವರು ಕರದ ಅಂತ ಎದ್ದು ಹೋಗ್ತಾರ.”

ಅಂದು ಅವನು ಊಟ ಮಾಡಲಿಲ್ಲ. ಇಷ್ಟು ವರ್ಷ ತನ್ನ ಕಿವಿಯ ಬಗ್ಗೆ ಹೇಳಿಕೊಂಡ ಮಾತುಗಳೆಲ್ಲ ನೆನಪಾದವು. ಮರುದಿನ ಬೆಳಗ್ಗೆ ಮತ್ತೆ ಕೂತಾಗ ಮೊದಲು ತನ್ನ ನಾಡಿಯನ್ನು ಕೇಳಿಸಿಕೊಂಡ. ಅದನ್ನೂ ಬೆಲ್ಟಿನ ಪಕ್ಕದಲ್ಲಿ, ಗಾಳಿಯ ಬಿಕ್ಕಿನ ಪಕ್ಕದಲ್ಲಿ ಇಟ್ಟ.

ಹದಿನಾರನೆಯ ದಿನ ದುರುಗವ್ವ ಇಳಿದಳು. ಅವನ ಅಂಗೈಗೆ ಒಂದು ತಟ್ಟು ಬಂತು. ಹಸಿರು ನೀರಿನೊಳಗೆ ಬಿದ್ದ ಬಿಳಿ ಕಲ್ಲಿನಂತೆ ಅದು ಬೇರೆಯಾಗಿ ಕಂಡಿತು. ಅವನು ಬುಟ್ಟಿ ಎಳೆದ. ಬುಟ್ಟಿಯ ತುಂಬ ಕಲ್ಲಿತ್ತು. ಅವನಿಗೆ ಅಳು ಬಂತು.

ಹಾಗೆ ಒಂದು ತಿಂಗಳು ನಡೆಯಿತು.

ಒಂದು ದಿನ ಮಧ್ಯಾಹ್ನ ಮೋಡ ಕವಿದಿತ್ತು. ನದಿಯೂ ಮರಳೂ ಒಂದೇ ಬಣ್ಣವಾಗಿದ್ದವು. ಶಾಂತವೀರನ ಅಂಗೈಯಲ್ಲಿ ಎಂದಿನ ಸದ್ದುಗಳೆಲ್ಲ ಇದ್ದವು. ಬೆಲ್ಟು ಇತ್ತು. ಗಾಳಿಯ ಬಿಕ್ಕು ಇತ್ತು. ಅವನ ನಾಡಿ ಇತ್ತು.

ಅವುಗಳ ನಡುವೆ ಯಾರದೂ ಅಲ್ಲದ ಒಂದು ಸದ್ದು ಬಂತು.

ಸುತ್ತಿಗೆಯದಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದೇ ಅಲ್ಲ. ಎಲೆಯ ಮೇಲೆ ಹನಿ ಬಿದ್ದಷ್ಟು ಮೆತ್ತಗೆ, ಮೂರು ಸಲ. ಬಿಡುವು. ಮತ್ತೆ ಮೂರು ಸಲ.

ಹೆಬ್ಬೆರಳು ಎತ್ತಿ ನೋಡಿದ. ಸದ್ದು ನಿಲ್ಲಲಿಲ್ಲ.

ಎದ್ದು ರಾಟೆಗೆ ಎರಡೂ ಕೈ ಹಾಕಿದ. ಹಲಗೆ ಭಾರವಾಗಿ ಬಂತು. ನಡುವಿನ ಬಂಡೆಗೆ ಒಮ್ಮೆ ತಡೆಯಿತು. ಅವನು ಹಲ್ಲು ಕಚ್ಚಿ ತುಸು ಇಳಿಸಿ, ಮತ್ತೆ ಎಳೆದ. ಕೆಳಗೆ ನೀರು ದೊಡ್ಡ ಪ್ರಾಣಿಯಂತೆ ಉಸಿರಾಡುವುದು ಈಗ ಬರಿಗಿವಿಗೇ ಕೇಳುತ್ತಿತ್ತು.

ದುರುಗವ್ವ ಕತ್ತಲಿನಿಂದ ಬೆಳಕಿಗೆ ಬಂದಳು. ತಲೆಯಿಂದ ಕಾಲಿನವರೆಗೆ ನೀರು ಇಳಿಯುತ್ತಿತ್ತು. ಬಲಗೈಯ ಗೆಣ್ಣುಗಳು ಒಡೆದು ರಕ್ತ ಬರುತ್ತಿತ್ತು. ಕೈಯಲ್ಲಿ ಸುತ್ತಿಗೆ ಇರಲಿಲ್ಲ.

ಅವನು ಅವಳನ್ನು ಹಿಡಿದು ಹುಣಸೆಮರದ ಬುಡಕ್ಕೆ ತಂದ. ತನ್ನ ಪಂಚೆ ಹರಿದು ಕೈಗೆ ಸುತ್ತಿದ.

“ತಳದ ಬಂಡೆಗಲ್ಲು ಸೀಳ್ತು” ಎಂದಳು ದುರುಗವ್ವ. “ಒಂದೇ ಏಟಿಗೆ. ನೀರು ನುಗ್ಗಿ ಸುತ್ತಿಗಿ ಕಸಕೊಂಡು ಹೋತು.”

ಅವನು ಎದ್ದು ಹೋಗಿ ಬಾವಿಯೊಳಗೆ ನೋಡಿದ. ನೀರು ನಡುವಿನ ಬಂಡೆಯ ಹೊಟ್ಟೆಯನ್ನು ಮುಟ್ಟುತ್ತಿತ್ತು. ತಂಬಿಗೆಗೆ ದಾರ ಕಟ್ಟಿ ಇಳಿಸಿದ. ತುಂಬಿ ಬಂದದ್ದನ್ನು ಅವಳ ಬಾಯಿಗೆ ಹಿಡಿದ.

ಅವಳು ಕುಡಿದಳು. ಅವನ ಕಡೆ ಚಾಚಿದಳು. ಅವನೂ ಕುಡಿದ. ಸವುಳಿನ ಆಚೆ ಎಲ್ಲೋ, ಸಿಹಿ ಇತ್ತು.

ಎಂಜಿನ್ ಇನ್ನೂ ನಡೆಯುತ್ತಿತ್ತು. ಅವನು ಹೋಗಿ ನಿಲ್ಲಿಸಿದ. ಒಮ್ಮೆಲೇ ದಂಡೆ ತುಂಬ ಮೌನ ಹರಡಿತು. ಬೆಳ್ಳಕ್ಕಿಯೊಂದು ಮರಳಿನ ಮೇಲೆ ನಡೆಯುವುದೂ ಕೇಳುವಂತಿತ್ತು.

ಅವನು ಬಂದು ಅವಳ ಪಕ್ಕ ಕೂತ.

ಶಾಂತವೀರ ಕೇಳಿದ, “ಅವ್ವಾ, ಒಂದು ಸಲ ನಾ ನಿನ್ನನ್ನ ನೀರಾಗ ಬಿಟ್ಟಿದ್ದೆ. ಇವತ್ತು ಸುತ್ತಿಗಿ ಸೈತ ಇರಲಿಲ್ಲ. ಬರೇ ಗೆಣ್ಣು. ನಾ ಕೇಳ್ತೀನಿ ಅಂತ ಹೆಂಗ ನಂಬಿದಿ?”

ದುರುಗವ್ವ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನದಿಯ ಕಡೆ ನೋಡಿದಳು.

“ನಂಬಲಿಲ್ಲ” ಎಂದಳು. “ತಟ್ಟಿದೆ.”