ಬೆನ್ನ ಹಿಂದಿನ ಹೆಜ್ಜೆ

ಮಲಪ್ರಭೆಯ ದಂಡೆಯ ಒಂದು ಸಣ್ಣ ಮಠದಲ್ಲಿ ಪತ್ರಯ್ಯ ಎಂಬವನಿದ್ದ. ಮಠದ ಸ್ವಾಮಿಗಳಾದ ಅಜ್ಜನವರಿಗೆ ಶಿಷ್ಯನೂ ಅವನೇ, ಅಡುಗೆಯವನೂ ಅವನೇ. ಇಪ್ಪತ್ತು ವರ್ಷ ಒಲೆಯ ಮುಂದೆ ಕೂತವನಿಗೆ ಜ್ಞಾನ ಎಷ್ಟು ಬಂದಿತ್ತೋ ಗೊತ್ತಿಲ್ಲ, ಹೊಟ್ಟೆಯಂತೂ ಬಂದಿತ್ತು.

ಒಂದು ದಿನ ಮಟಮಟ ಮಧ್ಯಾಹ್ನ ಅವನು ಸಾರಿನ ಕೊಳಗ ತೊಳೆಯಲು ನದಿಯ ಮೆಟ್ಟಿಲು ಇಳಿಯುತ್ತಿದ್ದ. ಹಿಂದೆ ಯಾರೋ ಇಳಿದು ಬರುವ ಸದ್ದಾಯಿತು.

ಧಪ್, ಧಪ್, ಧಪ್.

ತಿರುಗಿ ನೋಡಿದ. ಮೆಟ್ಟಿಲ ಮೇಲೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ಪತ್ರಯ್ಯ ನಿಂತ. ಹೆಜ್ಜೆ ನಿಲ್ಲಲಿಲ್ಲ. ನಿಂತವನ ಬೆನ್ನಿಗೇ ಯಾರೋ ಇನ್ನೂ ನಡೆಯುತ್ತಿದ್ದರು, ಅದೂ ಮೊದಲಿಗಿಂತ ಜೋರಾಗಿ.

ಕೊಳಗವನ್ನು ಅಲ್ಲೇ ಬಿಟ್ಟು ಮೇಲಕ್ಕೆ ಓಡಿದ. ಹೆಜ್ಜೆಯೂ ಓಡಿ ಬಂತು.

ಅಜ್ಜನವರು ಬಾಗಿಲ ಪಕ್ಕದ ಮರದ ಮಣೆಯ ಮೇಲೆ ಕೂತಿದ್ದರು.

"ಅಜ್ಜಾರ, ನನ್ನ ಹಿಂದ ಯಾರೋ ನಡೀತಾರ್ರಿ."

"ಎಂದಿನಿಂದ?"

"ಯುಗಾದಿ ಆದಮ್ಯಾಲಿಂದ್ರಿ. ಮೊದಲ ಮಲಗಿದಾಗ ಅಷ್ಟ ಕೇಳತಿತ್ತು. ಈಗ ಹಾಡಹಗಲ ಬರಾಕತ್ತೈತಿ."

"ಯಾರಿರಬೇಕಂತಿ?"

ಪತ್ರಯ್ಯ ಆಚೀಚೆ ನೋಡಿ ದನಿ ತಗ್ಗಿಸಿದ. "ಕಲ್ಲಯ್ಯ."

ಕಲ್ಲಯ್ಯ ಇವನಿಗಿಂತ ಮೊದಲು ಮಠದ ಅಡುಗೆ ನೋಡಿಕೊಂಡಿದ್ದವನು. ಇಂಥದ್ದೇ ಒಂದು ಮಧ್ಯಾಹ್ನ ಸೌಟು ಕೈಯಲ್ಲಿರುವಾಗಲೇ ಒಲೆಯ ಮುಂದೆ ಕುಸಿದಿದ್ದ. ಎತ್ತುವಷ್ಟರಲ್ಲಿ ಜೀವ ಹೋಗಿತ್ತು. ಸತ್ತವನ ಬೆರಳು ಬಿಡಿಸಿ ಸೌಟು ತೆಗೆದವನು ಪತ್ರಯ್ಯ. ಅದೇ ಸೌಟಿನಲ್ಲಿ ಅಂದಿನ ಸಾರು ಬಡಿಸಿದವನೂ ಅವನೇ.

"ನನ್ನ ಕರಕೊಂಡು ಹೋಗಾಕ ಬಂದಾನ್ರಿ. ನನಗ ಸಾಯಾಕ ಮನಸಿಲ್ರಿ, ಅಜ್ಜಾರ."

ಇಪ್ಪತ್ತು ವರ್ಷ ವೈರಾಗ್ಯದ ಪ್ರವಚನ ಕೇಳಿದವನ ಬಾಯಿಂದ ಬಂದ ಮಾತು ಇದು. ಆದರೂ ಅಜ್ಜನವರು ನಗಲಿಲ್ಲ.

ಅವನ ಮಣಿಕಟ್ಟನ್ನು ಒಂದು ಕೈಯಲ್ಲಿ ಹಿಡಿದರು. ಇನ್ನೊಂದು ಕೈಯ ಗೆಣ್ಣಿನಿಂದ ಮಣೆಯನ್ನು ಬಡಿಯತೊಡಗಿದರು.

ಪತ್ರಯ್ಯನ ಮೈಮೇಲಿನ ಕೂದಲು ಎದ್ದು ನಿಂತವು. ಮಣೆಯ ಸದ್ದಿಗೂ ಬೆನ್ನ ಹಿಂದಿನ ಹೆಜ್ಜೆಗೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

"ಹಿಂಗ ನಡೀತಾನೇನು?"

"ಹಿಂಗ ನಡೀತಾನ್ರಿ! ನಿಮಗೂ ಕೇಳ್ತೈತೇನ್ರಿ?"

"ನನಗ ಕೇಳಂಗಿಲ್ಲ. ನಿನ್ನ ಕೈಯಾಗ ಸಿಕ್ಕಾನ. ನಾಳೆ ಡಾಕ್ಟರ ಕಡೆ ಹೋಗಿ ಬಾ."

ಪೇಟೆಯ ಡಾಕ್ಟರಮ್ಮ ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದರು. ಮುಳ್ಳು ನೋಡಿ, ನಂಬಿಕೆ ಬರದೆ ಮತ್ತೊಮ್ಮೆ ತುಂಬಿದರು.

"ನೂರಾ ತೊಂಬತ್ತು, ನೂರಾ ಹತ್ತು. ಬಿಪಿ ಭಾಳ ಏರೇತ್ರಿ. ದಿನಾ ಒಂದು ಗುಳಿಗಿ, ನಾ ಹೇಳೂತನಕ ಬಿಡಬ್ಯಾಡ್ರಿ. ಉಪ್ಪು ಇಳಸ್ರಿ, ಮೈಭಾರ ಇಳಸ್ರಿ, ದಿನಾ ಒಂದಿಷ್ಟು ನಡೀರಿ. ಎಲ್ಲಾ ಸಾವಕಾಶ."

"ಮತ್ತ ಹೆಜ್ಜಿ ಸಪ್ಪಳರಿ?"

"ಅದು ನಿಮ್ಮ ರಕ್ತದ ಸಪ್ಪಳ. ಕೆಲವರಿಗೆ ಹಂಗ ಕಿವ್ಯಾಗ ಕೇಳ್ತೈತಿ."

ಪತ್ರಯ್ಯ ಎಲ್ಲವನ್ನೂ ಕೇಳಿಸಿಕೊಂಡ, ಅರ್ಧ ನಂಬಿದ. 'ಸಾವಕಾಶ' ಎಂಬ ಮಾತನ್ನು ಮಾತ್ರ ಪೇಟೆಯಲ್ಲೇ ಬಿಟ್ಟು ಬಂದ. ರಕ್ತವಾಗಲಿ ಕಲ್ಲಯ್ಯನಾಗಲಿ, ಒಂದು ವಾರದಲ್ಲಿ ಓಡಿಸಿಬಿಡುತ್ತೇನೆ ಎಂದು ದಾರಿಯಲ್ಲೇ ಶಪಥ ಮಾಡಿದ.

ಮರುದಿನ ಮಠದ ಸಾರಿಗೆ ಒಂದು ಹರಳು ಉಪ್ಪೂ ಬೀಳಲಿಲ್ಲ.

ಪಂಕ್ತಿಯಲ್ಲಿ ಕೂತವರು ಒಂದು ತುತ್ತು ಉಂಡು ಮುಖ ಮುಖ ನೋಡಿಕೊಂಡರು. ದಿನವೂ ಪ್ರಸಾದಕ್ಕೆ ಬರುವ ಮುದುಕಿ ನೀಲವ್ವ ಕೇಳಿಯೇಬಿಟ್ಟಳು: "ತಮ್ಮಾ, ಮಠದಾಗ ಯಾರರೆ ಸತ್ತಾರೇನೋ?"

ಮೂರನೆಯ ದಿನಕ್ಕೆ ಅರ್ಧ ಪಂಕ್ತಿ ಖಾಲಿಯಾಯಿತು. ಪತ್ರಯ್ಯ ಜಗ್ಗಲಿಲ್ಲ. ರಾತ್ರಿಯ ಊಟ ಬಿಟ್ಟ. ಸುಡುವ ಬಿಸಿಲಲ್ಲಿ ಮುಂದಿನ ಊರಿಗೆ ಬಿರಬಿರನೆ ನಡೆದು ಹೋಗಿ ಬಂದ. ನಾಲ್ಕನೆಯ ದಿನ ಹೆಜ್ಜೆ ತುಸು ದೂರವಾದಂತೆ ಅನಿಸಿತು. ಗೆದ್ದೆ ಎಂದುಕೊಂಡು ಗುಳಿಗೆಗಳನ್ನು ಗೋಡೆಯ ಗೂಡಿಗೆ ಎಸೆದ.

ಏಳನೆಯ ದಿನ ಮಧ್ಯಾಹ್ನ ಮತ್ತೆ ನದಿಯ ಮೆಟ್ಟಿಲು ಇಳಿಯುತ್ತಿದ್ದ. ಹಿಂದಿನಿಂದ ಹೆಜ್ಜೆ ಬಂತು. ಅದು ಅವನಿಗೆ ರೂಢಿಯಾಗಿತ್ತು.

ಆಮೇಲೆ ಮುಂದಿನಿಂದಲೂ ಬಂತು. ನೀರಿನೊಳಗಿಂದ ಯಾರೋ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ಕಲ್ಲಿನ ಮೇಲೆ ಒದ್ದೆ ಕಾಲಿನ ಗುರುತು ಮೂಡುತ್ತಿರಲಿಲ್ಲ, ಸದ್ದು ಮಾತ್ರ ಹತ್ತಿರವಾಗುತ್ತಿತ್ತು. ಎರಡೂ ಕಡೆಯ ಹೆಜ್ಜೆಗಳು ಅವನ ತಲೆಯೊಳಗೆ ಬಂದು ಕೂಡಿದವು. ಕೊಳಗ ಉರುಳಿ ನದಿಗೆ ಬಿತ್ತು.

ಕಣ್ಣು ಬಿಟ್ಟಾಗ ಅವನು ಮಠದಲ್ಲಿ ಮಲಗಿದ್ದ. ಡಾಕ್ಟರಮ್ಮ ಬಂದು, ಬೈದು, ಸೂಜಿ ಚುಚ್ಚಿ ಹೋಗಿದ್ದರು. ಗುಳಿಗೆಗಳು ಗೂಡಿನಿಂದ ತಲೆದಿಂಬಿನ ಪಕ್ಕಕ್ಕೆ ಬಂದಿದ್ದವು. ಅಜ್ಜನವರು ಕೂತಿದ್ದರು.

"ಏನೇನು ಬಿಟ್ಟಿ?"

"ಉಪ್ಪು ಬಿಟ್ಟೇನ್ರಿ. ರಾತ್ರಿ ಊಟ ಬಿಟ್ಟೇನ್ರಿ. ಮಧ್ಯಾಹ್ನ ಮಲಗೂದು ಬಿಟ್ಟೇನ್ರಿ."

"ಗುಳಿಗಿ?"

ಪತ್ರಯ್ಯ ಗೋಡೆ ನೋಡಿದ.

ಅವನು ಎದ್ದು ಕೂರುವಂತಾದ ದಿನ ಅಜ್ಜನವರು ಉಪ್ಪಿನ ಗಡಿಗೆಯನ್ನೂ ಒಂದು ಎಲೆಯನ್ನೂ ತಂದು ಮುಂದಿಟ್ಟರು.

"ಇವತ್ತಿನ ಸಾರಿಗೆ ಎಷ್ಟು ಹಾಕ್ತಿದ್ದೆಯೋ ಅಷ್ಟು ಉಪ್ಪು ಈ ಎಲಿ ಮ್ಯಾಲ ಹಾಕು. ಬಿಡೂಕಿಂತ ಮೊದಲ ಹಾಕ್ತಿದ್ದೆಲ್ಲ, ಅಷ್ಟು."

ಆ ಮಠದ್ದು ಮೀಸಲು ಅಡುಗೆ. ಮೂಲಗುರುಗಳ ಗದ್ದುಗೆಗೆ ಎಡೆ ತೋರಿಸುವ ತನಕ ಯಾರೂ ರುಚಿ ನೋಡುವಂತಿಲ್ಲ, ಅಡುಗೆಯವನಂತೂ ನಾಲಿಗೆಗೆ ತಾಗಿಸುವಂತೆಯೇ ಇಲ್ಲ. ಉಪ್ಪು ಹಾಕುವುದೆಲ್ಲ ಕೈಯಂದಾಜು.

ಪತ್ರಯ್ಯನ ಕೈ ಗಡಿಗೆಯೊಳಗೆ ಹೋಗಿ ಬಂತು. ಎಲೆಯ ಮೇಲೆ ಒಂದು ಗುಡ್ಡೆಯಾಯಿತು.

"ಕಲ್ಲಯ್ಯ ನಿನಗ ಕಲಿಸಿದ ಅಳತಿ ಎಷ್ಟು?"

"ಐದು ಬೆರಳಿಗೆ ಬಂದಷ್ಟು, ಮೂರು ಸಲರಿ."

"ಅದನ್ನ ಬಾಜೂಕ ಹಾಕು."

ಪತ್ರಯ್ಯ ಎಣಿಸಿ ಹಾಕಿದ. ದೊಡ್ಡ ಗುಡ್ಡೆಯ ಪಕ್ಕ ಅದು ಇರುವೆ ಗೂಡಿನ ಮಣ್ಣಿನಷ್ಟಿತ್ತು.

"ಹೆಚ್ಚು ಹಾಕಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ."

"ಎಂದು ಹೆಚ್ಚು ಮಾಡಿದಿ?"

"ನನಗ ಗೊತ್ತಿಲ್ರಿ." ಪತ್ರಯ್ಯ ಗುಡ್ಡೆಯಿಂದ ಹಿಂದೆ ಸರಿದ. "ಖರೇನ ಗೊತ್ತಿಲ್ರಿ, ಅಜ್ಜಾರ."

ಅವನು ತನ್ನ ಬಲಗೈಯನ್ನು ನೋಡಿದ. ಇಪ್ಪತ್ತು ವರ್ಷ ತಾನು ವಚನ ಹಾಡಿಕೊಂಡು ಸಾರು ತಿರುವುತ್ತಿದ್ದಾಗ, ಈ ಕೈ ತನ್ನನ್ನು ಕೇಳದೆ ಆಗೊಂದು ಈಗೊಂದು ಹರಳು ಹೆಚ್ಚು ಎತ್ತುತ್ತ ಬಂದಿತ್ತು. ಕಲ್ಲಯ್ಯನ ಭಯಕ್ಕಿಂತ ಈಗ ಅವನಿಗೆ ಆ ಕೈಯ ಭಯ ಹೆಚ್ಚಾಯಿತು. ಅದನ್ನು ಮೈಯಿಂದ ದೂರ, ಮೊಣಕಾಲಿನ ಆಚೆ ಇಟ್ಟುಕೊಂಡ.

"ಉಂಡವರು ಯಾಕ ಹೇಳಲಿಲ್ರಿ? ನೀವರೆ ಒಂದು ಮಾತು ಹೇಳಬಾರದಾಗಿತ್ತೇನ್ರಿ?"

"ನಿನ್ನ ಕೈ ನಡದ್ಹಂಗ ನಮ್ಮ ನಾಲಿಗೀನೂ ನಡದು ಬಂತು. ಎದ್ದು ಪಡಸಾಲಿಗೆ ಹೋಗು. ಅಲ್ಲಿ ಕುಂತವರನ್ನ ಒಬ್ಬೊಬ್ಬರನ್ನ ಕೇಳು."

"ಏನಂತ್ರಿ?"

"ಹಿಂದ ಯಾರರೆ ನಡೀತಾರೇನು ಅಂತ."

ಪತ್ರಯ್ಯ ಮಲಗಿದ್ದರಿಂದ ಊರವರೇ ಮಾಡಿದ ಊಟ ಮುಗಿಸಿ ಮುದುಕರು ಕಂಬಕ್ಕೆ ಒರಗಿ ಕೂತಿದ್ದರು. ಪತ್ರಯ್ಯ ನೀಲವ್ವನ ಪಕ್ಕ ಕೂತು ಮೆಲ್ಲಗೆ ಕೇಳಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

"ನಿನಗ ಯಾರು ಹೇಳಿದ್ರೋ? ನಮ್ಮ ಮನಿಯವರು, ತಮ್ಮಾ. ಹ್ವಾದ ವರ್ಷದಿಂದ ಹಾಸಿಗಿ ಸುತ್ತ ಅಡ್ಡಾಡ್ತಾರ. ಬದುಕಿದ್ದಾಗ ಒಂದು ದಿನ ಮನ್ಯಾಗ ನಿಂತವರಲ್ಲ."

ನೇಕಾರ ಈರಸಂಗಪ್ಪನಿಗೆ ಅದು ಅವನ ತಾಯಿ. ಮಗ್ಗದ ಸದ್ದು ನಿಂತೊಡನೆ ಬರುತ್ತಾಳಂತೆ.

ನಿವೃತ್ತ ಮಾಸ್ತರರು ತಮಗೆ ದೆವ್ವಗಿವ್ವದಲ್ಲಿ ನಂಬಿಕೆಯಿಲ್ಲ ಎಂದು ಗದರಿದರು. ಸ್ವಲ್ಪ ಹೊತ್ತಾದ ಮೇಲೆ ತಾವೇ ಹತ್ತಿರ ಸರಿದರು. "ನಮ್ಮ ಮನಿ ಅಟ್ಟದ ಮೆಟ್ಟಿಲಾ ಯಾರೋ ಹತ್ತತಾರೋ ಪತ್ರಯ್ಯ. ಎರಡು ವರ್ಷಾತು. ಇನ್ನೂ ಮ್ಯಾಲೆ ಮುಟ್ಟವಲ್ರು."

ಹನ್ನೊಂದು ಜನರನ್ನು ಕೇಳಿದ. ಏಳು ಜನರ ಹಿಂದೆ ಯಾರೋ ನಡೆಯುತ್ತಿದ್ದರು. ಒಬ್ಬರೂ ಇನ್ನೊಬ್ಬರಿಗೆ ಹೇಳಿರಲಿಲ್ಲ. ತಮ್ಮ ತಮ್ಮ ಸತ್ತವರನ್ನು ಗುಟ್ಟಾಗಿ ಇಟ್ಟುಕೊಂಡು, ಎಲ್ಲರೂ ಒಂದೇ ಕೊಳಗದ ಸಾರು ಉಣ್ಣುತ್ತಿದ್ದರು.

ಪತ್ರಯ್ಯ ಸಾಲಿನ ಕಡೆ ತಿರುಗಿ ನೋಡಿದ. ತಾನೊಬ್ಬ ಸಾಯುತ್ತೇನೆ ಎಂದು ಅಂಜಿದ್ದ. ಇವರನ್ನೆಲ್ಲ ಸಾಲಾಗಿ ಕೂರಿಸಿ, ಬಗ್ಗಿ ಬಗ್ಗಿ ಬಡಿಸಿ, ಅದೇ ದಾರಿಗೆ ಹಚ್ಚಿದವನು ತಾನೇ. ಕಂಬದ ಮರೆಗೆ ಹೋಗಿ ಅತ್ತ.

ಹಿಂದಿರುಗಿ ಬಂದಾಗ ಅಜ್ಜನವರು ತಮ್ಮ ಮಣಿಕಟ್ಟನ್ನು ಅವನ ಮುಂದೆ ಚಾಚಿದರು. ಪತ್ರಯ್ಯ ಬೆರಳಿಟ್ಟ. ಸುಕ್ಕುಗಟ್ಟಿದ ಚರ್ಮದ ಕೆಳಗೆ ಅವಸರದಲ್ಲಿ ಯಾರೋ ನಡೆಯುತ್ತಿದ್ದರು.

"ನಿಮಗೂ ಐತೇನ್ರಿ?"

"ನಿನ್ನ ಕೈಯಾಗ ಉಂಡೇನಲ್ಲ."

"ನಾಳಿಂದ ಉಪ್ಪು ಪೂರಾ ತಗದು ಬಿಡ್ತೇನ್ರಿ!"

"ತಗದಿದ್ದೆಲ್ಲ. ಏನಾತು?"

"ಎದ್ದು ಹ್ವಾದ್ರು."

"ಹೋಗಿ ಏನು ಮಾಡಿದ್ರು? ಮನ್ಯಾಗ ಉಪ್ಪಿನಕಾಯಿ ಹಚಗೊಂಡು ಉಂಡ್ರು."

ಅಜ್ಜನವರು ದೊಡ್ಡ ಗುಡ್ಡೆಯಿಂದ ಎಂಟು ಹರಳು ಆರಿಸಿ ಗಡಿಗೆಗೆ ಹಾಕಿದರು.

"ಈ ವಾರ ಇಷ್ಟ ತಗಿ. ಬರೂ ವಾರ ಮತ್ತ ಇಷ್ಟ. ಹಾಕಿದ್ದು ನಿನಗ ಗೊತ್ತಾಗಲಿಲ್ಲ. ತಗದದ್ದು ಪಂಕ್ತ್ಯಾಗ ಯಾರ ನಾಲಿಗಿಗೂ ಗೊತ್ತಾಗಬಾರದು."

"ಎಂಟು ಹರಳಿಗೆ ಅಂವ ಹೆದರ್ತಾನೇನ್ರಿ?"

"ಅಂವಗ ಯಾಕ ಹೆದರಸ್ತಿ? ನಾಳಿಂದ ಸಂಜಿ ಮುಂದ ಗಿರಣಿ ತನಕ ನಡಿ. ಮುಂದಿನ ತಿಂಗಳ ಸೇತುವಿ ತನಕ. ಹಿಂದ ಬಂದ್ರ ಓಡಬ್ಯಾಡ, ನೀ ಓಡಿದ್ರ ಅಂವನೂ ಓಡ್ತಾನ. ಬರ್ತಿ ಏನಪಾ ಅಂತ ಕೇಳಿ ಕರಕೊಂಡು ಹೋಗು."

ಆ ವಾರವೇ ಡಾಕ್ಟರಮ್ಮನನ್ನು ಮಠಕ್ಕೆ ಕರೆಸಿದರು. ಪಡಸಾಲೆಯ ನಡುವೆ ಅಜ್ಜನವರೇ ಮೊದಲು ತೋಳು ಚಾಚಿ ಕೂತರು. ಆಮೇಲೆ ಒಲ್ಲೆ ಎನ್ನಲು ಮಾಸ್ತರರಿಗೂ ಧೈರ್ಯ ಬರಲಿಲ್ಲ. ಕೆಲವರಿಗೆ ಗುಳಿಗೆ ಬಂತು, ಕೆಲವರಿಗೆ ಬೈಗುಳ ಬಂತು, ನೀಲವ್ವನಿಗೆ ಎರಡೂ ಬಂತು.

ಉಪ್ಪಿನ ವಿಷಯ ತಿಳಿದ ಮೇಲೆ ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಕಮ್ಮಿ ಮಾಡೋ ತಮ್ಮಾ, ಬ್ಯಾಡನ್ನಂಗಿಲ್ಲ. ಆದ್ರ ನಮ್ಮ ಮನಿಯವರನ್ನ ಒಮ್ಮೆಲೆ ಕಳಸಬ್ಯಾಡ. ಈಗರೆ ಮನಿ ಹಿಡದಾರ."

ಪತ್ರಯ್ಯ ನಗಲು ಹೋದ, ನಗು ಬರಲಿಲ್ಲ.

ವಾರಕ್ಕೆ ಎಂಟು ಹರಳು. ಕಾರ್ತಿಕ ಹೋಯಿತು, ಸಂಕ್ರಾಂತಿ ಹೋಯಿತು. ಪಂಕ್ತಿಯಲ್ಲಿ ಯಾರೂ ಮುಖ ಮುಖ ನೋಡಿಕೊಳ್ಳಲಿಲ್ಲ. ಸಂಜೆಯ ಹೊತ್ತು ಪತ್ರಯ್ಯ ತನಗೆ ತಾನೇ ಏನೋ ಮಾತಾಡುತ್ತ ಗಿರಣಿ ದಾಟಿ ಹೋಗುವುದನ್ನು ಊರವರು ನೋಡಿದರು. ಅಡುಗೆಯ ಹೊಗೆ ತಲೆಗೇರಿದೆ ಎಂದು ಆಡಿಕೊಂಡರು. ಅವನ ಮೈಭಾರ ಇಳಿಯುತ್ತಾ ಬಂತು. ಮಾಸ್ತರರ ಅಟ್ಟ ಹತ್ತುತ್ತಿದ್ದವರು ಈಗೀಗ ನಡುವೆ ಕೂತು ಸುಧಾರಿಸಿಕೊಳ್ಳುತ್ತಾರೆ ಎಂಬ ಸುದ್ದಿಯೂ ಬಂತು.

ಮತ್ತೊಂದು ಯುಗಾದಿ ಕಳೆಯಿತು. ಡಾಕ್ಟರಮ್ಮ ಪಟ್ಟಿ ಬಿಚ್ಚುತ್ತ ನೂರಾ ಮೂವತ್ತು, ಎಂಬತ್ತನಾಲ್ಕು ಎಂದರು. ಗುಳಿಗೆ ಮಾತ್ರ ಮುಂದುವರಿಯಲಿ ಎಂದರು.

ಅದಾದ ಮೂರು ದಿನಕ್ಕೆ ಮಧ್ಯಾಹ್ನ ಪತ್ರಯ್ಯ ನದಿಯ ಮೆಟ್ಟಿಲ ಮೇಲೆ ನಿಂತಿದ್ದ. ಏನೋ ಕಳೆದುಕೊಂಡಂತೆ ಅನಿಸಿತು. ಕಿವಿಗೊಟ್ಟ. ನೀರು ಹರಿಯುತ್ತಿತ್ತು. ಹಿಂದೆ ಏನೂ ಇರಲಿಲ್ಲ.

ಎರಡು ಮೆಟ್ಟಿಲು ಇಳಿದು ನಿಂತ, ಮೂರು ಹತ್ತಿ ನಿಂತ. ಯಾರೂ ಬರಲಿಲ್ಲ. ವರ್ಷದಿಂದ ಬೇಡಿದ್ದು ಇದನ್ನೇ. ಆದರೂ ಆ ಬಿಸಿಲಲ್ಲಿ ಅವನ ಬೆನ್ನು ತಣ್ಣಗಾಯಿತು.

ಏದುಸಿರಿಲ್ಲದೆ ಮೆಟ್ಟಿಲು ಹತ್ತಿ ಅಜ್ಜನವರ ಮುಂದೆ ಬಂದು ಕೂತ.

"ಅಜ್ಜಾರ, ಹೆಜ್ಜಿ ನಿಂತೈತ್ರಿ. ಕಲ್ಲಯ್ಯ ಹ್ವಾದ್ನರಿ. ನಾ ಉಳದ್ನರಿ!"

ಅಜ್ಜನವರು ಅವನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದರು.

"ಹೋಗಿಲ್ಲ."

ಪತ್ರಯ್ಯನ ಮುಖ ಬಿಳಿಚಿತು. "ಮತ್ತ ಸಪ್ಪಳ ಯಾಕಿಲ್ರಿ?"

"ಸಾವಕಾಶ ನಡಿಯಾಕ ಕಲ್ತಾನ. ಅಂವ ಖರೇನ ಹ್ವಾದ ದಿನ, ಹ್ವಾದ ಅಂತ ಹೇಳಾಕ ನೀ ನನ್ನ ಕಡೆ ಬರಂಗಿಲ್ಲ."